ಸೂಜಿಯೂ ಒಂದು ವಿದ್ಯೆ

ದೊಡ್ಡಬಳ್ಳಾಪುರದ ಮಗ್ಗಗಳು ನಾಡಿಗೆಲ್ಲ ಸೀರೆ ನೇಯುತ್ತವೆ. ಅಲ್ಲಿಯೇ ಓದುವ ನಾವು ಒಂದು ಲಂಗಕ್ಕೂ ಸಿದ್ಧ ಉಡುಪಿನ ಅಂಗಡಿಗೆ ಹೋಗುತ್ತೇವೆ. ಇದು ಸರಿಯೆ?

ಸೀರೆಗೆ ಕತ್ತರಿ ಬೇಡ. ನೆರಿಗೆಯೇ ಅದರ ಆಕಾರ. ಆ ನೆರಿಗೆಯನ್ನು ಸೊಂಟಪಟ್ಟಿಗೆ ಹೊಲಿದು ನಿಲ್ಲಿಸಿದರೆ ಲಂಗವಾಯಿತು. ನಕ್ಷೆಯನ್ನು ಹಳೆಯ ವೃತ್ತಪತ್ರಿಕೆಯ ಮೇಲೆ ನಾವೇ ಬರೆಯಬಹುದು. 1 ಅಂಗುಲ ಆಳದ ನೆರಿಗೆ 2 ಅಂಗುಲ ಬಟ್ಟೆ ನುಂಗುತ್ತದೆ. 28 ಅಂಗುಲದ ಸೊಂಟಕ್ಕೆ 20 ನೆರಿಗೆಯಿಟ್ಟರೆ 68 ಅಂಗುಲ ಬೇಕು. ಹೊಲಿಗೆಯ ಅಂಚು ಬೇರೆ. ಹಳೆಯ ಸೀರೆಯೊಂದರಲ್ಲಿ ಇಷ್ಟು ಧಾರಾಳವಾಗಿ ಸಿಕ್ಕುತ್ತದೆ.

“ಬಿ.ಎ. ಓದುವವಳಿಗೆ ಸೂಜಿ ಏಕೆ?” ಎಂದು ಮನೆಯವರೇ ಕೇಳುವುದುಂಟು. ಅಳೆಯುವುದು, ಎಣಿಸುವುದು, ಮುಂದಾಲೋಚಿಸುವುದು ವಿದ್ಯೆಯಲ್ಲವೆ? ಕಾಲೇಜಿನ ಮುಖ ಕಾಣದ ನಮ್ಮ ತಾಯಂದಿರು ಗೇಣಿನಿಂದಲೇ ಈ ಲೆಕ್ಕ ಹಾಕಿದರು. ಪದವಿ ಪಡೆವ ಕೈ ಅದನ್ನು ಮರೆತರೆ, ಒಂದು ವಿದ್ಯೆ ಗಳಿಸಿ ಇನ್ನೊಂದನ್ನು ಕಳೆದುಕೊಂಡಂತೆ.