ಕೊರಂಗಾಡನ್ನು ಕಾಯುವವರ ಲೆಕ್ಕ

ಕಾಂಗೇಯಂ ಎತ್ತುಗಳ ಮೈಕಟ್ಟನ್ನು ಕೊಂಡಾಡುವ ನಾವು ಅವು ಮೇದು ಬೆಳೆದ ಕಾಡನ್ನು ಮರೆಯುತ್ತೇವೆ. ತಮಿಳುನಾಡಿನ ತಿರುಪ್ಪೂರು, ಕರೂರು ಸೀಮೆಯಲ್ಲಿ ಅದರ ಹೆಸರು ಕೊರಂಗಾಡು: ನೆಲಕ್ಕೆ ಕೊಳುಕ್ಕಟ್ಟೈ ಹುಲ್ಲು, ನೆರಳಿಗೆ ಬಿಳಿಜಾಲಿ, ಸುತ್ತಲೂ ಕಿಳುವೈ ಗಿಡದ ಜೀವಂತ ಬೇಲಿ. ದನ ಜಾಲಿಯ ಕಾಯಿ ತಿನ್ನುತ್ತದೆ, ಬೀಜ ಸಗಣಿಯೊಡನೆ ಮತ್ತೆ ನೆಲ ಸೇರುತ್ತದೆ. ಬೇಲಿಗಳ ನಡುವೆ ಸರದಿಯಂತೆ ಮೇಯಿಸುವುದರಿಂದ ಹುಲ್ಲಿಗೂ ಬಿಡುವು ಸಿಗುತ್ತದೆ.

ಇದು ಗೋಮಾಳವಲ್ಲ, ರೈತರ ಪಟ್ಟಾ ಜಮೀನು. ನಿವೇಶನಕ್ಕೋ ಕಾರ್ಖಾನೆಗೋ ಬೆಲೆ ಬಂದಾಗ ಮಾರಬೇಡಿರೆಂದು ಹೇಳುವ ಅಧಿಕಾರ ಚೆನ್ನೈಯ ಫ್ಲ್ಯಾಟಿನಲ್ಲಿ ಕುಳಿತ ನಮಗಿಲ್ಲ. ಸಸಿ ನೆಡುವುದಕ್ಕೆ ಅನುದಾನವುಂಟು; ನಿಂತ ಮರವನ್ನು ತಲೆಮಾರುಗಳಿಂದ ಕಾದವರಿಗೆ ಏನುಂಟು? (ಕಡತಗಳ ನಡುವೆಯೇ ತಲೆ ನರೆತ ನಮಗೆ ಈ ವಿಚಿತ್ರ ಹೊಸದಲ್ಲ.) ಆಸ್ಟ್ರೇಲಿಯಾ ಸರ್ಕಾರ 2007ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ, ಹುಲ್ಲುಗಾವಲುಗಳಲ್ಲಿ ಅಳಿದುಳಿದ ನೀಲಗಿರಿ ಕುಲದ ಮರಗಳ ಕಾಡನ್ನು ಕಾಯುವ ರೈತರಿಗೆ 15 ವರ್ಷಗಳವರೆಗಿನ ಕರಾರಿನ ಮೇಲೆ ಹಣ ಕೊಡಲಾಯಿತು. ಅಂಥ ಕರಾರು ಇಲ್ಲಿಯೂ ಆಗಬೇಕು. ಮೊದಲ ಕಂತು ಬೇಲಿಗೆ ಹೋಗಲಿ. ಬೇಲಿ ಬಿದ್ದರೆ ಸರದಿ ತಪ್ಪುತ್ತದೆ, ಎಳೆಯ ಜಾಲಿ ಮೊಣಕಾಲೆತ್ತರವನ್ನೂ ದಾಟುವುದಿಲ್ಲ.