ಹೂವಿನ ಹೊಲಗಳ ನಡುವೆ ಬೈಸಿಕಲ್ ಸಂಚಾರ

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಶಾಲಾ ಪ್ರವಾಸಗಳು ನಡೆಯುವ ರೀತಿಯನ್ನು ಗಮನಿಸಿದರೆ ಈ ಅಂಗವು ಊನಗೊಂಡಿದೆಯೆಂದೇ ಹೇಳಬೇಕಾಗುತ್ತದೆ. ನಸುಕಿನಲ್ಲಿ ಬಸ್ಸು ಹತ್ತಿದ ಮಕ್ಕಳು ಒಂದೇ ದಿನದಲ್ಲಿ ನಾಲ್ಕಾರು ಸ್ಥಳಗಳನ್ನು ಮುಟ್ಟಿ, ನಡುರಾತ್ರಿಯಲ್ಲಿ ನಿದ್ದೆಗಣ್ಣಿನಿಂದ ಮನೆ ಸೇರುತ್ತಾರೆ. ಹೋದದ್ದುಂಟು, ನೋಡಿದ್ದೆಷ್ಟು?

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸೀಮೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆಷಾಢ ಶ್ರಾವಣಗಳಲ್ಲಿ ಅಲ್ಲಿಯ ಸೂರ್ಯಕಾಂತಿ ಹಾಗೂ ಚೆಂಡುಹೂವಿನ ಹೊಲಗಳು ದಾರಿಯ ಇಕ್ಕೆಲಗಳಲ್ಲಿಯೂ ಹೊನ್ನು ಹರಡಿದಂತೆ ಶೋಭಿಸುತ್ತವೆ. ಊಟಿಗೂ ಕೇರಳಕ್ಕೂ ಹೋಗುವ ವಾಹನಗಳು ಅಲ್ಲಿ ಕ್ಷಣಕಾಲ ನಿಲ್ಲುತ್ತವೆ. ಜನರು ಇಳಿದು ಹೊಲಕ್ಕೆ ನುಗ್ಗಿ ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ತುಳಿತಕ್ಕೆ ಸಿಕ್ಕ ಗಿಡಗಳ ನಷ್ಟವನ್ನು ಹೊರುವವನು ರೈತ. ಹೊಲಕ್ಕಿಳಿಯುವವರಿಂದ ಕೆಲವು ರೈತರು ಹಣ ಪಡೆಯತೊಡಗಿದುದನ್ನು ಲೋಭವೆಂದು ಹಳಿಯುವವರಿದ್ದಾರೆ. ಅದನ್ನು ನ್ಯಾಯವೆಂದೇ ತಿಳಿಯಬೇಕು. ನೋಡುವವನಿಗೆ ಅಂದವಾದದ್ದು ಬೆಳೆದವನಿಗೆ ಅನ್ನ.

ಇದೇ ಸೀಮೆಯಲ್ಲಿ ಮೂವತ್ತು ನಲವತ್ತು ವಿದ್ಯಾರ್ಥಿಗಳು ಉಪಾಧ್ಯಾಯರೊಡನೆ ಬೈಸಿಕಲ್ಲುಗಳ ಮೇಲೆ ಹಳ್ಳಿಯ ಹಾದಿಗಳಲ್ಲಿ ಸಂಚರಿಸುವುದಾದರೆ ಅವರಿಗೆ ದೊರೆಯುವ ತಿಳಿವಳಿಕೆಯೇ ಬೇರೆ. ಸೂರ್ಯಕಾಂತಿಯು ದಿನವೆಲ್ಲ ಸೂರ್ಯನ ಕಡೆಗೆ ತಿರುಗುತ್ತದೆಂದು ಮಕ್ಕಳು ಕೇಳಿರುತ್ತಾರೆ. ಕವಿಗಳೂ ಹಾಗೆಯೇ ವರ್ಣಿಸುತ್ತಾರೆ. ಬೆಳಗ್ಗೆ ಪಡುವಣ ದಿಕ್ಕಿಗೆ ಹೊರಟವರಿಗೆ ಹೂಗಳು ಮುಖವೆತ್ತಿ ಎದುರಾಗುತ್ತವೆ. ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವಾಗ ಕಾಣುವುದು ಅವುಗಳ ಬೆನ್ನು! ಎಳೆಯ ಗಿಡ ಮಾತ್ರ ಸೂರ್ಯನನ್ನು ಅನುಸರಿಸುತ್ತದೆ. ಪೂರ್ಣವಾಗಿ ಅರಳಿದ ಹೂ ಮೂಡಣಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಹಾಗೆ ನಿಂತ ಹೂ ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗಿ ಹೆಚ್ಚು ಜೇನುನೊಣಗಳನ್ನು ಸೆಳೆಯುತ್ತದೆಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಹೋಗುವಾಗೊಮ್ಮೆ ಬರುವಾಗೊಮ್ಮೆ ನಿಧಾನವಾಗಿ ನೋಡಿದ ಮಗುವಿಗೆ ಈ ಪಾಠವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಬದುವಿನ ಬಳಿ ಇಳಿದು ರೈತನನ್ನು ಮಾತನಾಡಿಸಿದರೆ ಮತ್ತಷ್ಟು ಸಂಗತಿಗಳು ತಿಳಿಯುತ್ತವೆ. ಒಂದು ಹೂವೆಂದು ಕಾಣುವ ಸೂರ್ಯಕಾಂತಿಯು ನೂರಾರು ಕಿರುಹೂಗಳ ಗೊಂಚಲು; ಅವು ಕಾಳುಗಟ್ಟಿದರೆ ಎಣ್ಣೆ. ಚೆಂಡುಹೂ ಮಾಲೆಗೆ ಮಾತ್ರವಲ್ಲದೆ ಬಣ್ಣದ ಸಾರ ತೆಗೆಯುವ ಕಾರ್ಖಾನೆಗೂ ಹೋಗುತ್ತದೆ; ಆ ಸಾರವನ್ನು ಕೋಳಿಯ ಆಹಾರದಲ್ಲಿ ಬೆರೆಸಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ. ಅಮೆರಿಕ ಖಂಡದಿಂದ ಬಂದ ಈ ಎರಡು ಹೂಗಳು ಕನ್ನಡ ನಾಡಿನ ಒಕ್ಕಲಿಗೆ ಜೀವನಾಧಾರವಾಗಿರುವ ಕಥೆ ಚರಿತ್ರೆಯ ಪಾಠಕ್ಕೂ ಸಲ್ಲುವಂಥದು.

ಅಪಾಯದ ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ. ಲಾರಿಗಳು ಧಾವಿಸುವ ಹೆದ್ದಾರಿಯನ್ನು ತೊರೆಯಬೇಕು. ಬಂಡೀಪುರದ ಕಾಡಿನಂಚನ್ನು ಸಮೀಪಿಸಬಾರದು. ಮುಂದೊಬ್ಬ, ಹಿಂದೊಬ್ಬ ಉಪಾಧ್ಯಾಯರಿದ್ದು ಮಕ್ಕಳು ಒಂದೇ ಸಾಲಿನಲ್ಲಿ ಸಾಗಬೇಕು. ಹಿಂದುಳಿದವನಿಗಾಗಿ ಇಡೀ ಸಾಲು ನಿಲ್ಲಬೇಕು. ಚಕ್ರದ ಗಾಳಿ ಹೋದ ಗೆಳೆಯನಿಗಾಗಿ ಮರದ ನೆರಳಿನಲ್ಲಿ ಕಾಯುವ ಆ ಅರ್ಧ ಗಂಟೆಯು ನೀತಿಪಾಠದ ಒಂದು ಅವಧಿಗಿಂತ ಕಡಿಮೆಯದೆ?

ಸರಕಾರವು 2006–07ರಲ್ಲಿ ಆರಂಭಿಸಿದ ಉಚಿತ ಬೈಸಿಕಲ್ ಯೋಜನೆಯು ಎಂಟನೆಯ ತರಗತಿಯ ಎಷ್ಟೋ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಶಾಲೆಯ ಬಾಗಿಲಿಗೆ ತಲುಪಿಸಿತು. ಶಾಲೆಯ ಬಾಗಿಲಿನಿಂದಾಚೆಗಿನ ಲೋಕಕ್ಕೂ ಅದೇ ವಾಹನ ಸಾಕು. ದಾನಿಗಳು ಹತ್ತಾರು ಬೈಸಿಕಲ್ಲುಗಳನ್ನೂ, ಗಾಳಿ ಹೊಡೆಯುವ ಪಂಪು ಮತ್ತು ಪಂಕ್ಚರ್ ಸಾಮಾನುಗಳನ್ನೂ ಒದಗಿಸಿದರೆ, ಹಳೆಯ ವಿದ್ಯಾರ್ಥಿಗಳು ಮಕ್ಕಳ ಜೊತೆಗೆ ಒಂದು ದಿನ ಪೆಡಲು ತುಳಿದರೆ, ಬಸ್ಸಿನ ಬಾಡಿಗೆಯ ಹೊರೆಯೂ ತಪ್ಪೀತು. ಹೂವನ್ನು ಕೀಳದೆ, ಗಿಡವನ್ನು ತುಳಿಯದೆ, ಬೆಳೆದವನಿಗೆ ಕೈಮುಗಿದು ಬರಲು ಕಲಿತ ಮಗು ಪ್ರವಾಸದ ಪೂರ್ಣ ಫಲವನ್ನು ಪಡೆದಂತೆಯೇ ಸರಿ.