ಕೇಪಿನ ಕೋವಿಗೆ ಎರಡು ಕಣ್ಣಿನ ಕ್ರೋನೋಗ್ರಾಫ್ ಸಾಕು

ಹೋದ ಭಾನುವಾರ ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಎಂಟು ಮನೆಯವರು ಸೇರಿದ್ದೆವು. ಬೆಂಗಳೂರಿನ ಉತ್ತರಹಳ್ಳಿ, ಚಿಕ್ಕಲ್ಲಸಂದ್ರ, ಪದ್ಮನಾಭನಗರದಲ್ಲಿ ಚದುರಿಹೋದ ನಾವೆಲ್ಲ ಮೂಲದಲ್ಲಿ ಕೊಡಗಿನ ಭಾಗಮಂಡಲದ ಕಡೆಯವರು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಊರಿಗೆ ಹೋಗುತ್ತೇವೆ. ಕೋವಿ ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ, ಪೂಜೆ ಮುಗಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಈ ಸಲ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ, ಗುಂಡಿನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್ ಕೊಳ್ಳೋಣ, ಅದು ಬೆಳಕಿನ ಎರಡು ಕಣ್ಣಿನ ಸಾದಾ ಮೀಟರೇ ಆಗಿರಲಿ ಎಂದು ನಾನು ಹೇಳಿದ್ದಕ್ಕೆ ನಾಲ್ಕು ಕಡೆಯಿಂದ ಆಕ್ಷೇಪ ಬಂತು. ಮಾತು ಜೋರಾಯಿತು, ಊಟದ ಹೊತ್ತಾಯಿತು, ಅಲ್ಲಿಗೇ ನಿಂತಿತು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ದೊಡ್ಡ ಭಾವನವರ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಯಾವ ಯಂತ್ರ ಎನ್ನುವುದು ಅವರ ಪ್ರಶ್ನೆಯೇ ಅಲ್ಲ, ಯಂತ್ರವೇ ಯಾಕೆ ಎಂಬುದು ಅವರ ಪ್ರಶ್ನೆ. "ಹೆಗಲಿಗೆ ಬಿದ್ದ ಒದೆತದಲ್ಲೇ ಅಜ್ಜ ಈಡಿನ ಬಲ ಹೇಳುತ್ತಿದ್ದರು. ಕಾಯಿ ಬೀಳುತ್ತದೋ ಇಲ್ಲವೋ ಅಷ್ಟೇ ತಾನೇ ನಮಗೆ ಬೇಕು?" ಎಂದರು.

ಭಾವ, ಅಜ್ಜನ ಹೆಗಲಿನ ಮೇಲೆ ನನಗೂ ಗೌರವವಿದೆ. ಆದರೆ ಈ ಒಂದು ವಿಷಯದಲ್ಲಿ ಹೆಗಲು ಸುಳ್ಳು ಹೇಳುತ್ತದೆ. ಕೋವಿ ಒದೆಯುವುದು ಗುಂಡು ಮುಂದಕ್ಕೆ ಹೋಗುವುದರಿಂದ ಮಾತ್ರವಲ್ಲ, ಸುಟ್ಟ ಮಸಿಯ (ಕೋವಿಮದ್ದಿನ) ಹೊಗೆಯೂ ಅನಿಲವೂ ಮುಂದಕ್ಕೆ ಚಿಮ್ಮುವುದರಿಂದ ಕೂಡ. ಮಸಿ ಹೆಚ್ಚು ಹಾಕಿದಷ್ಟೂ ಒದೆತ ಹೆಚ್ಚುತ್ತಲೇ ಹೋಗುತ್ತದೆ. ಗುಂಡಿನ ವೇಗ ಹಾಗೆ ಹೆಚ್ಚುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಉಳಿದ ಮಸಿ ನಳಿಗೆಯ ಹೊರಗೆ ಬೆಂಕಿಯಾಗಿ ಉರಿದುಹೋಗುತ್ತದೆ. ಹೆಗಲನ್ನು ನಂಬಿದವರು "ಈಡು ಬಲವಾಗಿದೆ" ಎಂದುಕೊಂಡು ಮುಂದಿನ ಸಲ ಇನ್ನೊಂದು ಚಿಟಿಕೆ ಸೇರಿಸುತ್ತಾರೆ. ನಮ್ಮ ಮನೆಯದು ಬಾಯಿಂದ ಮಸಿ ತುಂಬುವ ಕೇಪಿನ ಕೋವಿ, ಮುತ್ತಜ್ಜನ ಕಾಲದ್ದು. ಅದರ ನಳಿಗೆ ಒಳಗೆ ಎಷ್ಟು ತುಕ್ಕು ತಿಂದಿದೆ ಎಂದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ಅದನ್ನು ಕೆನ್ನೆಗೆ ಒತ್ತಿ ಹಿಡಿಯುವವರು ನಮ್ಮ ಮಕ್ಕಳು.

ಕಳೆದ ವರ್ಷ ಎರವಲು ತಂದ ಮೀಟರಿನಲ್ಲಿ ನಾವು ಅಳೆದ ಮೊದಲ ಐದು ಈಡು ಹೀಗಿತ್ತು: ಸೆಕೆಂಡಿಗೆ 338, 352, 319, 347, 361 ಮೀಟರ್. ಒಂದೇ ಕೋವಿ, ಒಂದೇ ಅಳತೆಯ ಮಸಿ, ಒಂದೇ ಅಚ್ಚಿನ ಗುಂಡು. ಆದರೂ 42 ಮೀಟರಿನ ಅಂತರ. ಕಾರಣ ಹುಡುಕಿದಾಗ ಮಸಿ, ಗುಂಡು ಜಡಿಯುವ ಗಜ ಸಿಕ್ಕಿತು. ಒಬ್ಬ ಜೋರಾಗಿ ಜಡಿಯುತ್ತಿದ್ದ, ಇನ್ನೊಬ್ಬ ಮೆತ್ತಗೆ. ಗುಂಡು ಪೂರ್ತಿ ಕೆಳಗಿಳಿದು ಮಸಿಯ ಮೇಲೆ ಕುಳಿತಾಗ ಗಜ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡಿ, ಅಲ್ಲಿಗೆ ಚಾಕುವಿನಿಂದ ಒಂದು ಗೀರು ಹಾಕಿದೆವು. ಪ್ರತಿ ಈಡಿಗೂ ಗೀರು ನಳಿಗೆಯ ಬಾಯಿಗೆ ಸಮನಾಗುವವರೆಗೆ ಜಡಿದೆವು. ಅಂತರ 16ಕ್ಕೆ ಇಳಿಯಿತು. ಆಮೇಲೆ ಮಸಿಯನ್ನು ಆರರಲ್ಲಿ ಒಂದು ಪಾಲು ಕಡಿಮೆ ಮಾಡಿದೆವು. ವೇಗ ಇಳಿದದ್ದು 14 ಮೀಟರ್ ಮಾತ್ರ. ಕಾಯಿ ಮೊದಲಿನಂತೆಯೇ ಚೂರಾಯಿತು.

ಮೊದಲು ಕಂಡ 42 ಮೀಟರಿನ ವೇಗದ ಅಂತರ 50 ಮೀಟರ್ ದೂರದಲ್ಲಿ ಗುಂಡನ್ನು ಮೂರು ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಮಾಡಬಹುದು ಎಂದು ನನ್ನ ಲೆಕ್ಕ. ಅಷ್ಟಕ್ಕೇ ಕಾಯಿ ತಪ್ಪಿಹೋಗುವುದಿಲ್ಲ ಎಂದು ಭಾವ ಹೇಳಿದರೆ ನಾನು ಒಪ್ಪುತ್ತೇನೆ. ನನ್ನ ಕಳವಳ ಕಾಯಿಯದ್ದಲ್ಲ. ಮಸಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಈಡು ಹೊಡೆದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. 319 ಎಂಬ ಆ ಒಂದು ಅಂಕಿ ಕಂಡದ್ದರಿಂದಲೇ ನಾವು ಗಜದ ಕಡೆ ನೋಡಿದೆವು.

ಇನ್ನು, ಹಿಂದಿನವರು ಅಳೆಯಲಿಲ್ಲ ಎಂಬ ಮಾತು. ಗುಂಡಿನ ವೇಗ ಅಳೆಯುವ ಕೆಲಸ ಇಂಥ ಕೋವಿಯಿಂದಲೇ ಶುರುವಾದದ್ದು. ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ತೂಗುಬಿಟ್ಟ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ದೂರ ಜೀಕಿತು ಎಂಬುದರಿಂದ ವೇಗ ಕಂಡುಹಿಡಿದು, 1742ರಲ್ಲಿ ಅದನ್ನು ಪುಸ್ತಕ ಮಾಡಿದ. ಬಾಯಿಂದ ಮದ್ದು ತುಂಬುವ ಕೋವಿಗಳ ಕಾಲ ಅದು. ಗಾಳಿ ಗುಂಡನ್ನು ಎಷ್ಟು ಬಲವಾಗಿ ತಡೆಯುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದೂ ಅವನ ಪ್ರಯೋಗಗಳಿಂದ. ಮುಂದೆ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕೋಟೆಗಳ ಎಂಜಿನಿಯರನಾಗಿ ನಮ್ಮ ಕಡೆಗೇ ಕಳಿಸಿತು. 1751ರಲ್ಲಿ ಅವನು ತೀರಿಕೊಂಡದ್ದು ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ.

ಎರಡನೆಯದು ಪದ್ಮನಾಭನಗರದ ಗೆಳೆಯರದ್ದು: ದುಡ್ಡು ದಂಡ, ಮೊಬೈಲಿನಲ್ಲೇ ಆಗುತ್ತದೆ. ಈಡಿನ ಸದ್ದು, ಗುಂಡು ಕಾಯಿಗೆ ಬಡಿದ ಸದ್ದು, ಎರಡನ್ನೂ ರೆಕಾರ್ಡ್ ಮಾಡಿ ನಡುವಿನ ಸಮಯ ನೋಡಿದರೆ ವೇಗ ಬಂತಲ್ಲ ಎನ್ನುತ್ತಾರೆ.

ಬರುತ್ತದೆ, ಕಾಯಿಗೆ ಬಡಿದರೆ! ತಪ್ಪಿದ ಈಡಿನ ವೇಗವನ್ನು ಮೊಬೈಲ್ ಹೇಳುವುದಿಲ್ಲ. ನಮಗೆ ಮುಖ್ಯವಾಗಿ ಬೇಕಾದದ್ದು ಆ ತಪ್ಪಿದ ಈಡಿನದ್ದೇ. ಬಡಿದಾಗಲೂ ಸಿಗುವುದು ಐವತ್ತು ಮೀಟರಿನ ಸರಾಸರಿ, ನಳಿಗೆಯ ಬಾಯಿಯ ವೇಗವಲ್ಲ. ಉರುಟು ಸೀಸದ ಗುಂಡು ಗಾಳಿಯಲ್ಲಿ ಬೇಗ ಸೊರಗುತ್ತದೆ. ಅದಲ್ಲದೆ ಬಡಿದ ಸದ್ದು ಐವತ್ತು ಮೀಟರ್ ವಾಪಸು ಬಂದು ಮೊಬೈಲನ್ನು ಮುಟ್ಟಬೇಕು. ಆ ಹೊತ್ತನ್ನು ಕಳೆಯಬೇಕಾದರೆ ಗಾಳಿಯ ಬಿಸಿ ಗೊತ್ತಿರಬೇಕು. 18 ಡಿಗ್ರಿಯಲ್ಲಿ ಸದ್ದಿಗೆ ಸೆಕೆಂಡಿಗೆ ಸುಮಾರು 342 ಮೀಟರ್ ವೇಗ, 28 ಡಿಗ್ರಿಯಲ್ಲಿ 348. ಬೆಂಗಳೂರಿನ ಬಿಸಿ ಹಾಕಿಕೊಂಡು ಭಾಗಮಂಡಲದ ಚಳಿಯಲ್ಲಿ ಅಳೆದರೆ ಗುಂಡಿನ ಲೆಕ್ಕ ಐದು ಮೀಟರಿನಷ್ಟು ತಪ್ಪುತ್ತದೆ. ಅದರ ಮೇಲೆ ಎದುರು ಗುಡ್ಡದಿಂದ ಬರುವ ಮಾರ್ದನಿ ಬೇರೆ. ಯಾವ ಸದ್ದು ಕಾಯಿಯದ್ದು, ಯಾವುದು ಗುಡ್ಡದ್ದು ಎಂದು ಪರದೆಯ ಗೆರೆಗಳಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ.

ನಳಿಗೆಗೇ ಕಟ್ಟುವ ಮೀಟರು ತರೋಣ ಎಂದು ಒಬ್ಬರು ಮೆಲ್ಲಗೆ ಹೇಳಿದರು. ತೋಟಾ ಕೋವಿಗೆ ಅದು ಸರಿ. ನಮ್ಮದರಲ್ಲಿ ಪ್ರತಿ ಈಡಿಗೂ ಮಸಿ ಸುರಿಯಬೇಕಾದದ್ದು, ಗಜ ಹಾಕಬೇಕಾದದ್ದು ಅದೇ ಬಾಯಲ್ಲಿ. ನಳಿಗೆಯ ಕೆಳಗೆ ಗಜದ ಜಾಗ ಬೇರೆ ಇದೆ. ಕೈಯಾಡುವ ಜಾಗದಲ್ಲೇ ಭಾರ ನೇತುಹಾಕಿದರೆ ಗುರಿಯೂ ಬದಲಾಗುತ್ತದೆ.

ಇನ್ನು ಅಕ್ಕನ ಮಗ. ಓದಿದ ಹುಡುಗ, ವಾದವೂ ಗಟ್ಟಿ. "ಮಾವ, ರಾಡಾರ್ ಬಂದಿರುವಾಗ ಬೆಳಕಿನ ಪರದೆ ಯಾಕೆ? ಮಸಿ ಕೋವಿಯ ಹೊಗೆ ನಿಮ್ಮ ಕಣ್ಣನ್ನು ಮುಚ್ಚುತ್ತದೆ. ನಳಿಗೆಗೆ ತುರುಕಿದ, ಗುಂಡಿನ ಜೊತೆ ಹಾರಿಬರುವ ತೆಂಗಿನ ನಾರನ್ನೂ ಅದು ಗುಂಡೆಂದೇ ಎಣಿಸುತ್ತದೆ" ಎಂದ.

ಅವನು ಹೇಳಿದ ದೋಷ ಎರಡೂ ನಿಜ. ಕಳೆದ ವರ್ಷ ಮೀಟರನ್ನು ಬಾಯಿಂದ ಎರಡು ಮೀಟರಿಗೆ ಇಟ್ಟಾಗ ನಮಗೂ ಅರ್ಥವಿಲ್ಲದ ಅಂಕಿಗಳು ಬಂದವು. ಒಂದು ಸಲ 610 ತೋರಿಸಿತು! ಐದು ಮೀಟರಿಗೆ ಸರಿಸಿದೆವು, ಅಂಕಿಗಳು ಹದಕ್ಕೆ ಬಂದವು. ಅಷ್ಟು ದೂರ ಹೋಗುವುದರೊಳಗೆ ತೆಂಗಿನ ನಾರು ಗಾಳಿಗೆ ಸಿಕ್ಕಿ ನೆಲಕ್ಕೆ ಬೀಳುತ್ತದೆ, ಹೊಗೆ ಹಿಂದುಳಿಯುತ್ತದೆ. ಐದು ಮೀಟರಿನಲ್ಲಿ ಗುಂಡು ಕಳೆದುಕೊಳ್ಳುವ ವೇಗವನ್ನು ಮತ್ತೆ ಕೂಡಿಸಿಕೊಳ್ಳಬಹುದು. 12 ಬೋರಿನ ಗುಂಡೆಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಉಂಡೆ. ಅಂಥ ಗುಂಡಿಗೆ ನಾನು ಕೂಡಿಸುವುದು ಐದಾರು ಮೀಟರ್. ಈಡಿನಿಂದ ಈಡಿಗೆ ಎಷ್ಟು ಅಂತರ ಎಂದು ನೋಡುವವರಿಗೆ ಅದನ್ನು ಕೂಡಿಸುವ ಅಗತ್ಯವೂ ಬೀಳುವುದಿಲ್ಲ.

ಬೆಳಕಿನ ವಿಷಯದಲ್ಲಂತೂ ನಮ್ಮ ಹಬ್ಬದ ಕಾಲವೇ ನಮ್ಮ ಕಡೆಗಿದೆ. ಈ ಕಣ್ಣುಗಳು ಮೇಲಿನ ಆಕಾಶವನ್ನು ನೋಡುತ್ತಿರುತ್ತವೆ. ಗುಂಡು ದಾಟುವಾಗ ಬೀಳುವ ನೆರಳನ್ನು ಹಿಡಿಯುತ್ತವೆ. ಸುಡುಬಿಸಿಲು ಅವಕ್ಕೆ ಆಗದು, ಬೆಳ್ಳಗೆ ಮೋಡ ಹರಡಿದ ಸೆಪ್ಟೆಂಬರಿನ ಆಕಾಶ ಅತ್ಯುತ್ತಮ. ಕಾಫಿ ತೋಟದ ಸಿಲ್ವರ್ ಓಕ್ ನೆರಳಲ್ಲಿ ಮಾತ್ರ ಇಡಬಾರದು, ಎಲೆ ಅಲುಗಿದರೂ ಬೆಳಕು ಅಲುಗುತ್ತದೆ. ಗದ್ದೆಯ ಬಯಲೇ ಸರಿ.

ರಾಡಾರ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 2023ರಲ್ಲಿ ಗಾರ್ಮಿನ್ ತಂದ ಝೀರೋ ಸಿ1 ಪ್ರೊ ಅಂಗೈಯಗಲದ್ದು. ಕೋವಿಯ ಪಕ್ಕ ಇಟ್ಟರೆ ಸಾಕು, ಗುಂಡಿನ ದಾರಿಗೆ ಅಡ್ಡ ಹೋಗಬೇಕಾಗಿಲ್ಲ. ಈ ಒಂದು ಅನುಕೂಲ ಬೆಳಕಿನ ಮೀಟರಿಗೆ ಎಂದೂ ಬರದು, ಒಪ್ಪುತ್ತೇನೆ. ಆದರೆ ನಾವು ಕೊಳ್ಳುತ್ತಿರುವುದು ಎಂಟು ಮನೆಯ ದುಡ್ಡಿನಲ್ಲಿ, ವರ್ಷಕ್ಕೆ ಒಂದು ದಿನದ ಬಳಕೆಗೆ. ಬೆಳಕಿನ ಮೀಟರಿನ ಕಡ್ಡಿಗೆ ಗುಂಡು ತಗಲಿದರೆ ಬಿದಿರಿನ ಸೀಳೊಂದನ್ನು ಸಿಕ್ಕಿಸಬಹುದು. ಬ್ಯಾಟರಿ ಮುಗಿದರೆ ಮಡಿಕೇರಿಯ ಅಂಗಡಿಯಲ್ಲಿ 9 ವೋಲ್ಟಿನದು ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಹೇಗೆ ಅಳೆಯುತ್ತದೆ ಎಂದು ಊರಿನ ಎಂಟನೇ ಕ್ಲಾಸಿನ ಹುಡುಗಿಗೂ ತೋರಿಸಿಕೊಡಬಹುದು. ಕಣ್ಣಿಂದ ಕಣ್ಣಿಗೆ 60 ಸೆಂಟಿಮೀಟರ್. ಸೆಕೆಂಡಿಗೆ 360 ಮೀಟರ್ ಹೋಗುವ ಗುಂಡು ಅದನ್ನು ದಾಟಲು ಒಂದು ಸೆಕೆಂಡಿನ ಆರುನೂರನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ.

ತಪ್ಪು ಎಲ್ಲಿಂದ ನುಗ್ಗುತ್ತದೆ ಎಂಬುದೂ ಕಣ್ಣಿಗೇ ಕಾಣುತ್ತದೆ. ಕಣ್ಣುಗಳ ದೂರದಲ್ಲಿ ಮೂರು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ವೇಗದಲ್ಲಿ ಸುಮಾರು 2 ಮೀಟರ್ ತಪ್ಪು. ಗುಂಡು ಐದು ಡಿಗ್ರಿ ಓರೆಯಾಗಿ ದಾಟಿದರೆ ಇನ್ನೊಂದೂವರೆ ಮೀಟರ್ ಕಡಿಮೆ ತೋರಿಸುತ್ತದೆ. ಹಾಗಾಗಿ ಕೊಳ್ಳುವಾಗ ಬಣ್ಣ, ಆ್ಯಪು ನೋಡದೆ, ಕಣ್ಣುಗಳ ನಡುವೆ ಹೆಚ್ಚು ದೂರವಿರುವ, ಗಟ್ಟಿ ಕಂಬಿಯ ಮೇಲೆ ಕುಳಿತಿರುವ ಮೀಟರನ್ನೇ ಆರಿಸಬೇಕು.

ಅಗ್ಗದ ಮೀಟರನ್ನು ನಂಬುವುದು ಹೇಗೆ ಎಂದೂ ಅಕ್ಕನ ಮಗ ಕೇಳಿದ. ನಂಬಬೇಕಿಲ್ಲ, ಪರೀಕ್ಷಿಸಬಹುದು. ಹೋದ ತಿಂಗಳು ಗೆಳೆಯರೊಬ್ಬರ ಹಳೆಯ ಮೀಟರನ್ನು ತಂದು ನಾನು ಮಾಡಿದ್ದು ಇಷ್ಟು. ಮನೆಯ ಹಿಂದೆ ನೆಲದ ಹತ್ತಿರ ಅದನ್ನು ಲಂಬವಾಗಿ ನಿಲ್ಲಿಸಿ, ಕಣ್ಣುಗಳ ಎದುರಿಗೆ ಕಾಂಪೌಂಡಿನ ಮೇಲೆ ಬಿಳಿ ಪಂಚೆ ಹರವಿದೆ. ತಾರಸಿಯಿಂದ ನೂಲಿಗೆ ಭಾರ ಕಟ್ಟಿ ಇಳಿಬಿಟ್ಟು, ಎರಡು ಕಣ್ಣುಗಳ ನಡುವಿನ ಬಿಂದುವಿಗೆ ಸರಿಯಾಗಿ ಆರು ಮೀಟರ್ ಮಾಡಿಕೊಂಡೆ. ಮೊಮ್ಮಗಳು ಮೇಲಿಂದ ಗೋಲಿ ಗಾತ್ರದ ಬೇರಿಂಗ್ ಗುಂಡುಗಳನ್ನು ಒಂದೊಂದಾಗಿ ಬಿಟ್ಟಳು. ಆರು ಮೀಟರ್ ಬಿದ್ದ ವಸ್ತುವಿನ ವೇಗ ಸೆಕೆಂಡಿಗೆ 10.8 ಮೀಟರ್. ಅದನ್ನು ನಿರ್ಧರಿಸುವುದು ಭೂಮಿ, ಯಾವ ಕಂಪನಿಯೂ ಅಲ್ಲ. ಮೊದಲ ನಾಲ್ಕು ಗುಂಡು ಕಣ್ಣಿಗೆ ಸಿಗದೆ ಮಣ್ಣಿಗೆ ಬಿದ್ದವು. ಐದನೆಯದಕ್ಕೆ 10.7, ಆರನೆಯದಕ್ಕೆ 10.8, ಎಂಟನೆಯದಕ್ಕೆ ಮತ್ತೆ 10.8. ಅವಳು ಮೇಲಿಂದ "ಎಷ್ಟು ತಾತಾ?" ಎಂದು ಕೂಗುತ್ತಿದ್ದಳು. ಹತ್ತು ಬಂದ ಮೀಟರಿನಲ್ಲಿ ಮುನ್ನೂರು ಹೇಗೆ ನಂಬುವುದು ಎಂದರೆ, ಅದರೊಳಗಿನ ಗಡಿಯಾರ ಅದೇ, ಕಣ್ಣುಗಳ ದೂರ ಅದೇ. ಉಳಿಯುವ ಅನುಮಾನ ಕಣ್ಣುಗಳ ಚುರುಕಿನದು. ಅದಕ್ಕೆ ಇನ್ನೊಂದು ಮೀಟರನ್ನು ಸಾಲಾಗಿ ಹಿಂದೆ ಇಟ್ಟು ಒಂದೇ ಗುಂಡನ್ನು ಎರಡರಲ್ಲೂ ಹಾಯಿಸಿ ನೋಡಬೇಕು.

ಕೊನೆಯದು ಪೊಲೀಸರ ಭಯ. ಕ್ರೋನೋಗ್ರಾಫ್ ಆಯುಧವಲ್ಲ, ಗಡಿಯಾರ. ಕೋವಿಗಳು ಊರಲ್ಲೇ ಇವೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡಗಿಗೆ ಸಿಕ್ಕ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿ ಇರುವ ಜಮ್ಮಾ ಹಿಡುವಳಿಯ ಮನೆಗಳು ನಮ್ಮವು, ಕಾಗದಗಳೆಲ್ಲ ಸರಿಯಾಗಿವೆ. ಉತ್ತರಹಳ್ಳಿಯಲ್ಲಿ ಒಂದು ಈಡೂ ಹಾರಿಲ್ಲ, ಹಾರಕೂಡದು. ಇಲ್ಲಿ ಬೀಳುವುದು ಬೇರಿಂಗ್ ಗುಂಡು ಮಾತ್ರ.

ಅಕ್ಕನ ಮಗನಿಗೆ ಇನ್ನೂ ಒಪ್ಪಿಗೆಯಾಗದಿದ್ದರೆ ಬರುವ ಭಾನುವಾರ ಬೆಳಿಗ್ಗೆ ಎಂಟರೊಳಗೆ ಬರಲಿ, ಆಮೇಲೆ ಹಿಂದಿನ ಗೋಡೆಗೆ ಬಿಸಿಲು ಬರುತ್ತದೆ. ಅಳತೆ ಟೇಪನ್ನು ಅವನೇ ತರಲಿ. ಭಾವನೂ ಬರಲಿ, ತಾರಸಿಯಿಂದ ಗುಂಡು ಬಿಡುವ ಕೆಲಸ ಅವರದ್ದು.